ರಾತ್ರಿ ಎರಡು ಗಂಟೆಯ ಎಚ್ಚರ: ಕಲಬುರಗಿಯ ಒಂದು ಪ್ರಕರಣ

‘ಧ್ಯಾನ ಮಾಡಿ, ನಿದ್ದೆ ತಾನಾಗಿ ಬರುತ್ತದೆ’ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಬಗೆಯ ಧ್ಯಾನ ಅನ್ನುವುದನ್ನು ನೋಡದೆ ಹೇಳಿದರೆ ಇದ್ದ ಒಂದಿಷ್ಟು ನಿದ್ದೆಯೂ ಕೆಡಬಹುದು. ಈ ಪ್ರಕರಣದ ಮಹಿಳೆಗೆ ಮೊದಲು ಆಗಿದ್ದು ಅದೇ. ಆಮೇಲೆ ಅದೇ ಮಹಿಳೆಯನ್ನು ಮೈಂಡ್‌ಫುಲ್‌ನೆಸ್, ಅಂದರೆ ಈ ಗಳಿಗೆಯಲ್ಲಿ ಆಗುತ್ತಿರುವುದನ್ನು ಜಗಳ ಮಾಡದೆ ಗಮನಿಸುವ ಅಭ್ಯಾಸ, ಬೇರೆ ದಾರಿಯಿಂದ ಕೈಹಿಡಿಯಿತು. ಎರಡನ್ನೂ ಬಿಡಿಸಿ ಬರೆಯಬೇಕು ಅನಿಸಿ ಈ ಬರಹ.

ಅವರಿಗೆ 48 ವರ್ಷ. ಕಲಬುರಗಿಯ ಹಳೇ ಊರಿನ ಕಡೆ ಒಂದು ಓಣಿಯಲ್ಲಿ ಮನೆ. ಮುಂದಿನ ಕೋಣೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಸಹಾಯಕ್ಕೆ ಓಣಿಯ ಇಬ್ಬರು ಹುಡುಗಿಯರು ಬರುತ್ತಾರೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬನೇ ಮಗ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹೆಸರು ಬೇಡ. ನಮ್ಮ ಭೇಟಿಗಳಲ್ಲಿ ನಾನು ಅವರನ್ನು ‘ಅಕ್ಕಾ’ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ಬಂದಾಗ ಇದ್ದ ಸ್ಥಿತಿ

ಸಂಕ್ರಾಂತಿ ಮುಗಿದ ಮೇಲೆ ಮಗನೇ ಚಿಕಿತ್ಸೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದ. ಅಕ್ಕ ರಾತ್ರಿ ಒಂಬತ್ತಕ್ಕೆಲ್ಲಾ ಹಾಸಿಗೆ ಸೇರುತ್ತಿದ್ದರು. ‘ಹಗಲೆಲ್ಲಾ ದಣಿದಿರ್ತೀನ್ರಿ, ಲಗೂನ ಮಲಗಿದ್ರ ಒಂದಿಷ್ಟರ ನಿದ್ದಿ ಸಿಗತದ ಅಂತ’ ಅಂದರು. ಆದರೆ ನಿದ್ದೆ ಹತ್ತುತ್ತಿದ್ದದ್ದು ಹತ್ತೂವರೆಯ ಮೇಲೆ. ಎರಡಕ್ಕೆ ಎಚ್ಚರ. ಆಮೇಲೆ ಹೊರಳಾಟ. ನಸುಕಿನಲ್ಲಿ ಒಂದು ತಾಸು ಕಣ್ಣು ಮುಚ್ಚಿದರೆ ಮುಚ್ಚಿತು. ಐದೂವರೆಗೆ ಎದ್ದು ಹಿಟ್ಟಿಗೆ ನೀರು ಕಾಯಿಸಬೇಕು.

‘ಎರಡಕ್ಕ ಕಣ್ಣು ತೆರೀತದ ಮೇಡಂ. ಗಡಿಯಾರ ನೋಡೋದೇ ಬ್ಯಾಡ, ಎರಡೇ ಆಗಿರತದ. ಎದಿ ಧಡಧಡ ಅಂತದ. ಆಮ್ಯಾಲ ತಲ್ಯಾಗ ಶುರು.’

ನೋಡುವುದೇ ಬೇಡ ಅಂದರೂ ನೋಡುತ್ತಿದ್ದರು. ದಿಂಬಿನ ಪಕ್ಕದಲ್ಲೇ ಮೊಬೈಲ್. ಎರಡು, ಎರಡೂ ಹತ್ತು, ಎರಡೂವರೆ. ಪ್ರತಿ ಸಲ ನೋಡಿದಾಗಲೂ ಇನ್ನೆಷ್ಟು ತಾಸು ಉಳಿದಿದೆ ಅನ್ನುವ ಲೆಕ್ಕ.

ಹಗಲಿನಲ್ಲಿ ಮೈಯೆಲ್ಲಾ ಭಾರ. ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಅಡ್ಡಾಗುವುದು. ಸಂಜೆಯವರೆಗೂ ಚಹಾ. ಸಣ್ಣ ಮಾತಿಗೂ ಹುಡುಗಿಯರ ಮೇಲೆ ರೇಗಾಟ, ಆಮೇಲೆ ಪಶ್ಚಾತ್ತಾಪ. ಬೀದಿಯಲ್ಲಿ ಆಂಬುಲೆನ್ಸ್ ಸದ್ದು ಕೇಳಿದರೆ ಕೈಕಾಲು ತಣ್ಣಗಾಗುವುದು. ಇದರ ಜೊತೆ ಇನ್ನೊಂದು ಸಂಗತಿ ಮೆಲ್ಲಗೆ ಹೊರಬಂತು. ನೆರೆಮನೆಯವರು ಕೊಟ್ಟ, ಗಾಬರಿ ತಗ್ಗಿಸಿ ನಿದ್ದೆ ತರಿಸುವ ಆಲ್‌ಪ್ರಾಜೊಲಾಮ್ ಮಾತ್ರೆಯನ್ನು ಕೆಲವು ತಿಂಗಳಿಂದ ಹೆಚ್ಚು ಕಡಿಮೆ ದಿನಾಲೂ ನುಂಗುತ್ತಿದ್ದರು. ಮಗನಿಗೂ ಅದು ಗೊತ್ತಿರಲಿಲ್ಲ.

ನಿದ್ದೆಗೇಡಿನ ತೀವ್ರತೆ ಅಳೆಯಲು ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ. ಒಟ್ಟು 28 ಅಂಕ. 15ರಿಂದ 21 ಬಂದರೆ ಮಧ್ಯಮ, 22 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ. ಅಕ್ಕನಿಗೆ 22 ಬಂತು. ವಾರಕ್ಕೆ ಕನಿಷ್ಠ ಮೂರು ರಾತ್ರಿ, ಮೂರು ತಿಂಗಳಿಗೂ ಮೇಲ್ಪಟ್ಟು ಹೀಗೇ ನಡೆದರೆ ಅದನ್ನು ದೀರ್ಘಕಾಲದ ನಿದ್ದೆಗೇಡು ಎನ್ನುತ್ತಾರೆ. ಇವರದು ಅದನ್ನು ಯಾವತ್ತೋ ದಾಟಿತ್ತು.

ಯಾವ ಅಭ್ಯಾಸಕ್ಕೂ ಕೈಹಾಕುವ ಮೊದಲು ಎರಡು ಕೆಲಸ ಆಗಲೇಬೇಕಿತ್ತು. ಒಂದು, ಬದುಕು ಸಾಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳುವುದು. ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರ ಹಿಂದನೇ ಹೋಗಿದ್ರ ಛಲೋ ಇತ್ತು ಅಂತ ಒಮ್ಮೊಮ್ಮೆ ಅನಸತದ. ಖರೇ ಹೇಳ್ತೀನಿ, ಏನರ ಮಾಡ್ಕೋಬೇಕು ಅಂತ ಮಾತ್ರ ಅನಿಸಿಲ್ರಿ’ ಅಂದರು. ಇದನ್ನು ಬರೆದಿಟ್ಟುಕೊಂಡೆ. ಮುಂದಿನ ಪ್ರತಿ ಭೇಟಿಯಲ್ಲೂ ಮತ್ತೆ ಕೇಳಿದೆ.

ಎರಡನೆಯದು ವೈದ್ಯರ ತಪಾಸಣೆ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ, ಮುಟ್ಟು ನಿಲ್ಲುವ ಕಾಲದ ಬಿಸಿ ಏರುವಿಕೆ, ಇವೆಲ್ಲಾ ನಿದ್ದೆ ಕೆಡಿಸುತ್ತವೆ. ಇವನ್ನು ಬಿಟ್ಟು ಬರೀ ಮನಸ್ಸಿನ ಬೆನ್ನು ಹತ್ತುವುದು ಅನ್ಯಾಯ. ಅಕ್ಕನ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇತ್ತು, ವೈದ್ಯರು ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಉಳಿದದ್ದೆಲ್ಲಾ ಸರಿಯಿತ್ತು. ನಿದ್ದೆಯ ಮಾತ್ರೆಯ ವಿಚಾರವನ್ನು ಮನೋವೈದ್ಯರಿಗೆ ಒಪ್ಪಿಸಿದೆವು. ಈ ಜಾತಿಯ ಮಾತ್ರೆಯನ್ನು ತಿಂಗಳುಗಟ್ಟಲೆ ತಗೊಂಡವರು ಒಂದೇ ಏಟಿಗೆ ಬಿಡಬಾರದು. ನಿದ್ದೆ ಮೊದಲಿಗಿಂತ ಕೆಡುತ್ತದೆ, ಗಾಬರಿ ಹೆಚ್ಚುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರು ಮೆಲ್ಲಮೆಲ್ಲಗೆ ಪ್ರಮಾಣ ಇಳಿಸುತ್ತಾ ಬಂದರು.

ಆ ರಾತ್ರಿ

ಎರಡು ಗಂಟೆಗೆ ಏನಾಗುತ್ತದೆ ಎಂದು ಕೇಳದೆ ಈ ಪ್ರಕರಣ ಅರ್ಥವಾಗುವಂತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಎರಡರ ಸುಮಾರಿಗೆ ಗಂಡ ಎದ್ದು ಕೂತರು. ಎದೆ ಉರಿ, ಬೆವರು. ರಾತ್ರಿ ಊಟ ಜಾಸ್ತಿಯಾಗಿ ಗ್ಯಾಸ್ ಆಗಿದೆ ಅಂದುಕೊಂಡು ಅಕ್ಕ ಓಮಿನ ನೀರು ಕಾಯಿಸಿ ಕುಡಿಸಿದರು. ಬೆನ್ನು ತಿಕ್ಕಿದರು. ಅರ್ಧ ತಾಸು ಹೀಗೇ ಹೋಯಿತು. ಕಡಿಮೆಯಾಗದಿದ್ದಾಗ ಮಗ ಓಡಿಹೋಗಿ ಆಟೋ ತಂದ. ಆಟೋದಲ್ಲಿ ಗಂಡನ ತಲೆ ಇವರ ತೊಡೆಯ ಮೇಲೆ. ಏದುಸಿರು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

ಆವತ್ತಿನಿಂದ ಎರಡು ಗಂಟೆಗೆ ಎಚ್ಚರವಾದರೆ ತಲೆಗೆ ಬರುವ ಮೊದಲ ವಿಚಾರ ಓಮಿನ ನೀರು. ಅದನ್ನು ಕುಡಿಸುತ್ತಾ ಕೂರದೆ ಆಗಲೇ ಹೊರಟಿದ್ದರೆ? ಅಲ್ಲಿಂದ ಮಗನ ಮದುವೆ, ಗಂಡ ತೊಗರಿ ಬಿತ್ತನೆಗೆ ಮಾಡಿದ್ದ ಸಾಲ, ಆ ವರ್ಷ ನೆಟೆ ರೋಗ ಬಂದು ಒಣಗಿದ ಹೊಲ, ನಾಳಿನ ಆರ್ಡರ್. ಕೊನೆಗೆ ‘ಇವತ್ತೂ ನಿದ್ದಿ ಹೋತು, ನಾಳಿ ಹೆಂಗ ಮಾಡ್ಲಿ?’

ಅಮ್ಮನ ಪಾಡು ನೋಡಲಾಗದೆ ಮಗ ಮೊಬೈಲಿನಲ್ಲಿ ಒಂದು ಧ್ಯಾನದ ಧ್ವನಿ ಹಾಕಿಕೊಟ್ಟಿದ್ದ. ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ, ಒಳಗೆ, ಹೊರಗೆ. ಅಕ್ಕ ಕೆಲವು ರಾತ್ರಿ ಪ್ರಯತ್ನ ಮಾಡಿ ಬಿಟ್ಟರು. ಎದೆ ಬಿಗಿದು ಎದ್ದು ಕೂರುವಂತಾಗುತ್ತಿತ್ತು. ‘ನನ್ನ ಹಣೇಬರದಾಗ ಅದೂ ಇಲ್ಲ’ ಅಂದುಕೊಂಡರು. ಯಾಕೆ ಹಾಗಾಯಿತು ಎಂದು ಕೇಳಿದೆ.

‘ಉಸಿರು ನೋಡು ಅಂದ್ರ ನಂಗ ಅವರ ಉಸಿರೇ ಕೇಳತದ ಮೇಡಂ.’

ಇಷ್ಟೇ. ಉಸಿರಿನ ಧ್ಯಾನ ಬಹಳ ಜನರಿಗೆ ಒಗ್ಗುತ್ತದೆ. ಆದರೆ ಉಸಿರಿನ ಸುತ್ತಲೇ ಆಘಾತ ಇರುವವರಿಗೆ, ಆಸ್ತಮಾ ಇದ್ದವರಿಗೆ, ಗಾಬರಿಯ ಅಟ್ಯಾಕ್ ಬರುವವರಿಗೆ ಅದೇ ಗಾಬರಿಗೆ ಕಿಡಿಯಾಗಬಹುದು. ಇದು ಅವರ ಮನಸ್ಸಿನ ದೌರ್ಬಲ್ಯ ಅಲ್ಲ. ಆರಿಸಿಕೊಂಡ ಜಾಗ ಸರಿಯಿಲ್ಲ, ಅಷ್ಟೇ.

ಹತ್ತಿರದ ನೆಂಟರೊಬ್ಬರು ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಕಳಿಸೋಣ ಅಂದಿದ್ದರಂತೆ. ಆ ಶಿಬಿರಗಳ ಬಗ್ಗೆ ನನಗೆ ಗೌರವ ಇದೆ. ಆದರೆ ಹತ್ತು ದಿನ ಮೌನ, ದಿನಕ್ಕೆ ಹತ್ತು ತಾಸಿನಷ್ಟು ಕೂರುವುದು, ಮಾತಾಡಲು ಮನೆಯವರಿಲ್ಲ. ದುಃಖ ಹಸಿಯಾಗಿರುವಾಗ, ನಿದ್ದೆ ಇಷ್ಟು ಕೆಟ್ಟಿರುವಾಗ, ಮಾತ್ರೆ ಇಳಿಸುತ್ತಿರುವಾಗ ಅದು ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ.

ಮೈಂಡ್‌ಫುಲ್‌ನೆಸ್ ಇಲ್ಲಿ ಯಾಕೆ

ಈಗ ಆಸ್ಪತ್ರೆಗಳಲ್ಲಿ ಬಳಸುವ ಮೈಂಡ್‌ಫುಲ್‌ನೆಸ್ ಕ್ರಮದ ಬೇರು ಬೌದ್ಧ ಧ್ಯಾನದಲ್ಲಿದೆ. ಅದನ್ನು ಧರ್ಮದ ಚೌಕಟ್ಟಿನಿಂದ ಹೊರಗೆ ತಂದು, ನೋವು ಮತ್ತು ಒತ್ತಡದಲ್ಲಿರುವ ರೋಗಿಗಳಿಗೆ ಎಂಟು ವಾರದ ತರಬೇತಿಯಾಗಿ ರೂಪಿಸಿದವರು ಜಾನ್ ಕಬಾಟ್-ಜಿನ್. 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ನಮ್ಮ ಕಡೆಯವರು ಇದನ್ನು ಪರದೇಶದ್ದು ಅಂದುಕೊಳ್ಳಬೇಕಿಲ್ಲ. ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಯ ಬೌದ್ಧ ಸ್ತೂಪ ಇರುವುದು ನಮ್ಮ ಜಿಲ್ಲೆಯಲ್ಲೇ, ಅಲ್ವಾ?

ಈ ಅಭ್ಯಾಸದಲ್ಲಿ ಮನಸ್ಸನ್ನು ಖಾಲಿ ಮಾಡುವುದು ಇಲ್ಲ. ಈ ಗಳಿಗೆಯಲ್ಲಿ ಮೈಗೆ, ಮನಸ್ಸಿಗೆ ಏನು ಆಗುತ್ತಿದೆಯೋ ಅದನ್ನು ಜಗಳ ಮಾಡದೆ ಗಮನಿಸುವುದು. ಮನಸ್ಸು ಬೇರೆ ಕಡೆ ಹೋದರೆ, ಹೋಯಿತು ಎಂದು ತಿಳಿದು ವಾಪಸ್ ಬರುವುದು. ಅಷ್ಟೇ ಕೆಲಸ.

ನಿದ್ದೆಗೆ ಇದರ ಸಂಬಂಧ ಏನು? ನಿದ್ದೆಗೇಡು ಶುರುವಾಗಲು ಒಂದು ಕಾರಣ ಇರುತ್ತದೆ, ಅದು ಉಳಿದುಕೊಳ್ಳಲು ಬೇರೆಯೇ ಕಾರಣಗಳು ಇರುತ್ತವೆ. ಆರ್ಥರ್ ಸ್ಪೀಲ್‌ಮನ್ ಎಂಬ ನಿದ್ರಾತಜ್ಞರು 1987ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದರು. ಅಕ್ಕನ ನಿದ್ದೆ ಕೆಡಿಸಿದ್ದು ಗಂಡನ ಸಾವು. ಆದರೆ ಎರಡು ವರ್ಷದ ನಂತರವೂ ಅದನ್ನು ಜೀವಂತ ಇಟ್ಟದ್ದು ಒಂಬತ್ತರ ಹಾಸಿಗೆ, ಮಧ್ಯಾಹ್ನದ ನಿದ್ದೆ, ಸಂಜೆಯ ಚಹಾ, ಮೊಬೈಲ್ ಗಡಿಯಾರ, ಮಾತ್ರೆ. ಎಲ್ಲಕ್ಕಿಂತ ಹೆಚ್ಚಾಗಿ, ನಿದ್ದೆ ಬರುವುದಿಲ್ಲವೇನೋ ಎಂಬ ಭಯ. ನಿದ್ದೆಯನ್ನು ಬಲವಂತದಿಂದ ತರಿಸಲು ಹೋದಷ್ಟೂ ಮೈ ಎಚ್ಚರವಾಗುತ್ತದೆ. ಅದಕ್ಕೇ ಮೈಂಡ್‌ಫುಲ್‌ನೆಸ್ಸನ್ನು ನಿದ್ದೆ ಮಾತ್ರೆಯ ಹಾಗೆ ಬಳಸಿದರೆ ಕೆಲಸ ಆಗುವುದಿಲ್ಲ. ‘ಮಾಡಿದೆ, ಇನ್ನೂ ನಿದ್ದೆ ಬರಲಿಲ್ಲ’ ಎಂದು ಕಾಯುತ್ತಾ ಮಲಗಿದರೆ ಅದೂ ಇನ್ನೊಂದು ಬಲವಂತವೇ. ಇಲ್ಲಿ ಅಭ್ಯಾಸ ಬೇಕಾಗಿದ್ದು ಎಚ್ಚರವಾಗಿರುವ ಹೊತ್ತನ್ನು ಗಾಬರಿಯಿಲ್ಲದೆ ಕಳೆಯುವುದಕ್ಕೆ.

ಮೊದಲು ಹಾಸಿಗೆಯ ನಿಯಮ

ಧ್ಯಾನಕ್ಕಿಂತ ಮೊದಲು ನಾವು ಮಲಗುವ ಹೊತ್ತನ್ನು ಸರಿಪಡಿಸಿದೆವು. ಒಂಬತ್ತರಿಂದ ಐದೂವರೆ, ಅಂದರೆ ಎಂಟೂವರೆ ತಾಸು ಹಾಸಿಗೆಯಲ್ಲಿ. ನಿದ್ದೆ ಮಾತ್ರ ಸುಮಾರು ನಾಲ್ಕೂವರೆ ತಾಸು. ಅರ್ಧದಷ್ಟು ಹೊತ್ತು ಹಾಸಿಗೆ ಎಂದರೆ ಒದ್ದಾಟದ ಜಾಗ. ಇದನ್ನು ಮುರಿಯಲು ಹಾಸಿಗೆಯ ಹೊತ್ತನ್ನು ರಾತ್ರಿ ಹನ್ನೊಂದರಿಂದ ನಸುಕಿನ ನಾಲ್ಕೂವರೆಯವರೆಗೆ, ಅಂದರೆ ಐದೂವರೆ ತಾಸಿಗೆ ಇಳಿಸಿದೆವು. ಅಕ್ಕ ಗಾಬರಿಯಾದರು.

‘ನಿದ್ದಿ ಬರಲ್ಲ ಅಂತ ನಿಮ್ಮ ಹಂತೇಲಿ ಬಂದ್ರ, ಮಲಗಬ್ಯಾಡ ಅಂತೀರಲ್ರಿ!’

ಊಟದ ಹೊತ್ತಿನ ಮುಂಚೆ ಚೂರುಪಾರು ತಿನ್ನುತ್ತಾ ಇದ್ದರೆ ಊಟಕ್ಕೆ ಹಸಿವೆ ಇರುವುದಿಲ್ಲ, ನಿದ್ದೆಯೂ ಹಾಗೇ ಎಂದು ಹೇಳಿದೆ. ಎಚ್ಚರವಾಗಿದ್ದಷ್ಟೂ ನಿದ್ದೆಯ ಹಸಿವು ಕೂಡಿಕೊಳ್ಳುತ್ತದೆ. ಮಧ್ಯಾಹ್ನದ ನಿದ್ದೆ ಬಂದ್. ಚಹಾ ಮಧ್ಯಾಹ್ನ ಎರಡರ ಒಳಗೆ. ಚಹಾದ ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು ಐದು ತಾಸು ಬೇಕು. ಮೊಬೈಲ್ ಅಡುಗೆಮನೆಯ ಕಪಾಟಿಗೆ, ಗೋಡೆ ಗಡಿಯಾರ ಮುಂದಿನ ಕೋಣೆಗೆ. ರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ ಅನಿಸಿದರೆ ಎದ್ದು ಮುಂದಿನ ಕೋಣೆಯಲ್ಲಿ ಕೂರುವುದು. ಕಣ್ಣು ಎಳೆದಾಗ ಮಾತ್ರ ವಾಪಸ್.

ಈ ಹೊತ್ತು ಇಳಿಸುವ ಕ್ರಮವನ್ನು ಓದಿದವರೆಲ್ಲಾ ತಾವೇ ಮಾಡಬಾರದು. ಫಿಟ್ಸ್ ಇರುವವರು, ಮನಸ್ಸು ಅತಿ ಉತ್ಸಾಹ, ಅತಿ ಕುಗ್ಗುವಿಕೆಯ ನಡುವೆ ಹೊಯ್ದಾಡುವ ಬೈಪೋಲಾರ್ ಕಾಯಿಲೆ ಇರುವವರು, ಬಸ್ಸು ಲಾರಿ ಓಡಿಸುವವರು, ದೊಡ್ಡ ಯಂತ್ರದ ಮುಂದೆ ದುಡಿಯುವವರು ತಜ್ಞರ ಕಣ್ಗಾವಲು ಇಲ್ಲದೆ ಇದಕ್ಕೆ ಕೈಹಾಕುವುದು ಅಪಾಯ.

ಎರಡನೇ ವಾರ ಅಕ್ಕನಿಗೆ ತುಂಬಾ ಕಷ್ಟವಾಯಿತು. ಸಂಜೆ ಏಳಕ್ಕೇ ಕಣ್ಣು ಮುಚ್ಚುತ್ತಿತ್ತು, ನನ್ನ ಮೇಲೆ ಸಿಟ್ಟು ಬರುತ್ತಿತ್ತು. ಅದನ್ನು ಮುಚ್ಚಿಡದೆ ಹೇಳಿದರು. ಒಳ್ಳೆಯದಾಯಿತು. ಮೂರನೇ ವಾರ ಮೊದಲ ಬಾರಿಗೆ, ಮಲಗಿದ ಸ್ವಲ್ಪ ಹೊತ್ತಿಗೇ ನಿದ್ದೆ ಹತ್ತಿತು.

ಅಂಗೈ

ಉಸಿರು ಬೇಡ ಅಂದಮೇಲೆ ಗಮನ ಇಡಲು ಬೇರೆ ಜಾಗ ಬೇಕು. ಅಂಗಾಲು, ಹೊರಗಿನ ಸದ್ದು, ಕೈ ಯಾವುದಾದರೂ ಆಗುತ್ತದೆ. ಅಕ್ಕನಿಗೆ ಯಾವುದು ಎಂದು ನಾನು ಬಹಳ ಯೋಚಿಸಬೇಕಾಗಲಿಲ್ಲ. ಮಾತಾಡುವಾಗಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ, ಸೆರಗಿನ ಮೇಲೆ ಬಡಿಯುತ್ತಲೇ ಇರುತ್ತಿತ್ತು.

ಬೆಳಿಗ್ಗೆಯ ಮೊದಲ ಕೆಲವು ರೊಟ್ಟಿಗಳನ್ನು ಅಭ್ಯಾಸಕ್ಕೆ ಮೀಸಲಿಡಿ ಎಂದೆ. ಆ ಹೊತ್ತಿಗೆ ಹುಡುಗಿಯರು ಬಂದಿರುವುದಿಲ್ಲ, ರೇಡಿಯೊ ಬೇಡ, ಮಾತು ಬೇಡ. ಕುದಿವ ನೀರು ಹಾಕಿದ ಜೋಳದ ಹಿಟ್ಟನ್ನು ನಾದುವಾಗ ಬಿಸಿ ಎಲ್ಲಿ ತಾಗುತ್ತದೆ, ಬೆರಳ ತುದಿಗೋ, ಅಂಗೈಗೋ? ಉಂಡೆ ಬಡಿಯಲು ಶುರು ಮಾಡಿದಾಗ ಸದ್ದು ದಪ್ಪ ಇರುತ್ತದೆ, ರೊಟ್ಟಿ ತೆಳ್ಳಗಾದ ಹಾಗೆ ಸದ್ದು ಬದಲಾಗುತ್ತದೆ. ಅಂಚು ಬಿರಿಯುತ್ತಿದೆಯಾ? ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಸವರಿದಾಗ ಮುಖಕ್ಕೆ ಬರುವ ಹಬೆ. ನಡುವೆ ಮನಸ್ಸು ಸಾಲಕ್ಕೋ ಮಗನ ಮದುವೆಗೋ ಹೋಗಿಯೇ ಹೋಗುತ್ತದೆ. ಹೋಗಿದ್ದು ಗೊತ್ತಾದ ಕೂಡಲೇ ಬೈದುಕೊಳ್ಳದೆ ಮತ್ತೆ ಅಂಗೈಗೆ ಬನ್ನಿ.

ಮುಂದಿನ ವಾರ ಬಂದಾಗ ಮುಖದಲ್ಲಿ ಬೇರೆಯೇ ಕಳೆ ಇತ್ತು. ‘ಸಣ್ಣಾಕಿ ಇದ್ದಾಗಿಂದ ರೊಟ್ಟಿ ಬಡೀತೀನ್ರಿ. ಅಂಗೈ ಯಾವಾಗ ಬಿಸಿ ಆಗತದ, ಯಾವಾಗ ಆರತದ ಅಂತ ಒಮ್ಮೆನೂ ನೋಡಿದ್ದಿಲ್ಲ’ ಅಂದರು. ಆಮೇಲೆ ಕೇಳಿದರು, ‘ಇದು ಲಿಂಗಪೂಜಿ ಇದ್ದಂಗ ಏನ್ರಿ?’ ಅವರು ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವರು. ಪೂಜೆಯಲ್ಲಿ ಭಕ್ತಿ ಇದೆ, ಬೇಡಿಕೆ ಇದೆ, ಅದು ನಿಮ್ಮದು, ಅದನ್ನು ಹಾಗೇ ಇರಲಿ ಬಿಡಿ ಎಂದೆ. ಇಲ್ಲಿ ಬೇಡುವುದೇನೂ ಇಲ್ಲ, ಆಗುತ್ತಿರುವುದನ್ನು ನೋಡುವುದಷ್ಟೇ. ಆದರೆ ಒಂದು ಕಡೆ ಕೂತು ಗಮನ ಇಡುವ ಕಸುವು ಅವರಿಗೆ ಮೊದಲೇ ಇತ್ತು. ಅದು ನಮಗೆ ದೊಡ್ಡ ಆಸರೆಯಾಯಿತು.

ಹಗಲಿನಲ್ಲೇ ಅಭ್ಯಾಸ ಶುರು ಮಾಡುವುದು ನನ್ನ ಮಟ್ಟಿಗೆ ಬಹಳ ಮುಖ್ಯ. ರಾತ್ರಿ ಎರಡಕ್ಕೆ ಎದೆ ಹೊಡೆದುಕೊಳ್ಳುವಾಗ ಹೊಸದಾಗಿ ಏನನ್ನೂ ಕಲಿಯಲಾಗುವುದಿಲ್ಲ.

ಸಂಜೆಗೆ ಮೈಯ ಒಂದೊಂದೇ ಭಾಗಕ್ಕೆ ಗಮನ ಒಯ್ಯುವ ಅಭ್ಯಾಸ ಸೇರಿಸಿದೆವು. ಮೂಲ ತರಬೇತಿಯಲ್ಲಿ ಇದು ಮುಕ್ಕಾಲು ತಾಸಿನದು. ಇಷ್ಟು ಹೊತ್ತು ದುಡಿಯುವ ಹೆಣ್ಣುಮಗಳಿಗೆ ಎಲ್ಲಿಂದ ಸಿಗಬೇಕು? ಕಾಲು ತಾಸಿಗೆ ಇಳಿಸಿ, ನಾನೇ ನಮ್ಮ ಕಡೆಯ ಮಾತಿನಲ್ಲಿ ಹೇಳಿ ಮೊಬೈಲಿಗೆ ಹಾಕಿಕೊಟ್ಟೆ. ‘ಹಿಮ್ಮಡ ಚಾಪಿಗೆ ತಾಗೇದ. ತಾಗಿದ್ದು ಗೊತ್ತಾಗ್ಲಿ. ಬದಲಿ ಏನೂ ಮಾಡಬ್ಯಾಡ್ರಿ.’ ಪುಸ್ತಕದ ಕನ್ನಡದಲ್ಲಿ ಹೇಳಿದರೆ ಅವರು ಪರೀಕ್ಷೆಗೆ ಕೂತವರ ಹಾಗೆ ಬಿಗಿಯಾಗುತ್ತಿದ್ದರು. ಎದೆಯ ಭಾಗವನ್ನು ಮೊದಲ ವಾರಗಳಲ್ಲಿ ಬಿಟ್ಟೆವು. ಕಾಲಿನಿಂದ ಸೊಂಟ, ಅಲ್ಲಿಂದ ನೇರ ಕೈ, ಮುಖ. ಹಾಸಿಗೆಯ ಮೇಲೆ ಮಾಡಿದರೆ ನಡುವೆಯೇ ನಿದ್ದೆ ಹೋಗುತ್ತಿದ್ದರು. ಹನ್ನೊಂದರ ಮೊದಲು ನಿದ್ದೆ ಹೋದರೆ ರಾತ್ರಿ ಲೆಕ್ಕ ತಪ್ಪುತ್ತದೆ. ಹಾಗಾಗಿ ಏಳು ಗಂಟೆಗೆ, ಗೋಡೆಗೆ ಒರಗಿ ಕೂತು ಮಾಡುವುದು ಎಂದಾಯಿತು.

‘ಬಂತು ನೋಡ್ರಿ ಓಮಿನ ನೀರು’

ನಾಲ್ಕನೇ ವಾರದ ಹೊತ್ತಿಗೆ ರಾತ್ರಿಯ ಕೆಲಸಕ್ಕೆ ಬಂದೆವು. ಎರಡಕ್ಕೆ ಎಚ್ಚರವಾದರೆ ಏನು ಮಾಡಬೇಕು? ಎದ್ದು ಮುಂದಿನ ಕೋಣೆಗೆ ಬಂದು, ಸಣ್ಣ ದೀಪ ಹಚ್ಚಿ, ನೆಲದ ಮೇಲೆ ಕೂರುವುದು. ಎರಡೂ ಅಂಗೈ ತೊಡೆಯ ಮೇಲೆ. ಅಂಗೈಗೆ ಸೀರೆಯ ಬಟ್ಟೆ ತಾಗಿರುವುದು ಗೊತ್ತಾಗಲಿ. ವಿಚಾರ ಬಂದರೆ ಅದನ್ನು ಅಟ್ಟಬೇಡಿ, ಅದರ ಜೊತೆ ವಾದಕ್ಕೂ ಇಳಿಯಬೇಡಿ. ಬಂದದ್ದಕ್ಕೆ ಹೆಸರು ಹೇಳಿ, ಮತ್ತೆ ಅಂಗೈಗೆ ಬನ್ನಿ.

ಹೆಸರನ್ನು ನಾನು ಕೊಡಲಿಲ್ಲ. ‘ಚಿಂತೆ’, ‘ನೆನಪು’ ಎಂದು ಹೇಳಿಕೊಳ್ಳಬಹುದು ಎಂದಿದ್ದೆ. ಅಕ್ಕ ತಮ್ಮದೇ ಮಾಡಿಕೊಂಡರು. ‘ಎದ್ದು ಕುಂತೆ. ಬಂತು ನೋಡ್ರಿ ಓಮಿನ ನೀರು. ಬಂದೀ ಏನಪಾ, ಕುಂದ್ರು ಅಂದೆ. ಆಮ್ಯಾಲ ಸಾಲ ಬಂತು. ನೀನೂ ಕುಂದ್ರು ಅಂದೆ. ಒಂದಿಷ್ಟು ಹೊತ್ತು ಅತ್ತೆ. ಆಮ್ಯಾಲ ಆಕಳಿಕಿ ಬಂತ್ರಿ.’

ಈ ಅಳುವನ್ನು ನಾನು ಅಭ್ಯಾಸಕ್ಕೆ ಬಂದ ಅಡ್ಡಿ ಎಂದು ನೋಡುವುದಿಲ್ಲ. ಮಗನ ಮುಂದೆ ಅಳಬಾರದು ಎಂದು ಎರಡು ವರ್ಷ ತಡೆದಿಟ್ಟದ್ದು ಅದು. ಓಮಿನ ನೀರಿನ ನೆನಪು ಹೋಗಬೇಕು ಎಂದು ನಾವು ಯಾವತ್ತೂ ಗುರಿ ಇಟ್ಟುಕೊಂಡಿರಲಿಲ್ಲ. ಹೋಗಲೂ ಇಲ್ಲ. ಅದರ ಮೇಲೆ ಕೂಡಿಕೊಳ್ಳುತ್ತಿದ್ದ ‘ಇವತ್ತೂ ನಿದ್ದೆ ಹೋಯಿತು, ನಾಳೆ ಸತ್ತೆ’ ಎನ್ನುವ ಎರಡನೇ ಪದರ ಕಳಚತೊಡಗಿತು. ಎರಡಕ್ಕೆ ಎದ್ದವರು ಮೂರರ ಒಳಗೆ ವಾಪಸ್ ಮಲಗುವ ರಾತ್ರಿಗಳು ಹೆಚ್ಚಾದವು.

ಇನ್ನೊಂದು ಮಾತು. ತಪ್ಪು ನನ್ನದು ಎಂಬ ಕೊರಗನ್ನು ಬರೀ ಗಮನಿಸಿ ಬಿಟ್ಟರೆ ಸಾಲದು, ನಿಜ ಏನು ಎಂದೂ ನೋಡಬೇಕು. ಅಕ್ಕನನ್ನು ಪರೀಕ್ಷಿಸಿದ್ದ ವೈದ್ಯರ ಹತ್ತಿರವೇ ಈ ಪ್ರಶ್ನೆ ಕೇಳಿಸಿದೆ. ಹೃದಯಾಘಾತದ ನೋವನ್ನು ಗ್ಯಾಸ್ ಅಂದುಕೊಳ್ಳುವುದು ಎಷ್ಟೋ ಮನೆಗಳಲ್ಲಿ ಆಗುತ್ತದೆ, ಎರಡರ ಲಕ್ಷಣವೂ ಹಾಗೇ ಬೆರೆತಿರುತ್ತದೆ, ಗೊತ್ತಿದ್ದೂ ತಡಮಾಡಿದ್ದಲ್ಲ ಎಂದು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಓದುವವರಿಗೂ ಹೇಳುತ್ತೇನೆ: ಎದೆನೋವಿನ ಜೊತೆ ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಉಸಿರುಗಟ್ಟುವಿಕೆ ಇದ್ದರೆ ಮನೆಮದ್ದು ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಅಕ್ಕ ತಮ್ಮ ರೊಟ್ಟಿ ಕೋಣೆಯ ಗೋಡೆಗೆ ಆ ನಂಬರ್ ದಪ್ಪಗೆ ಬರೆಸಿದ್ದಾರೆ.

ಜಾತ್ರೆ, ಬಿಸಿಲು, ತಿಥಿ

ಎಲ್ಲಾ ಸಲೀಸಾಗಿ ಹೋಗಲಿಲ್ಲ. ಮಾರ್ಚ್‌ನಲ್ಲಿ ಹೋಳಿ ಮುಗಿದು ಶರಣಬಸವೇಶ್ವರರ ಜಾತ್ರೆ ಬಂತು. ಮನೆಮನೆಗೂ ನೆಂಟರು, ಆರ್ಡರ್ ಮೇಲೆ ಆರ್ಡರ್. ಅಭ್ಯಾಸ ನಿಂತಿತು, ಸಂಜೆ ಚಹಾ ಮರಳಿತು. ಏಪ್ರಿಲ್‌ನಲ್ಲಿ ಬಿಸಿಲು. ಕಲಬುರಗಿಯ ಬೇಸಿಗೆಯನ್ನು ಕಂಡವರಿಗೆ ಹೇಳಬೇಕಿಲ್ಲ. ನಿದ್ದೆ ಹತ್ತಲು ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಹಗಲೆಲ್ಲಾ ಕಾದ ಛತ್ತು ರಾತ್ರಿ ಹನ್ನೆರಡಾದರೂ ಕೆಳಗೆ ಬಿಸಿ ಸುರಿಯುತ್ತದೆ. ಹಾಸಿಗೆಯನ್ನು ಮಾಳಗಿಯ ಮೇಲೆ ಹಾಕಿದರು. ಸಂಜೆಯೇ ಅಲ್ಲಿ ನೀರು ಚಿಮುಕಿಸುವುದು, ಮಲಗುವ ಮೊದಲು ಮೈ ತೊಳೆದುಕೊಳ್ಳುವುದು, ಇವೂ ಚಿಕಿತ್ಸೆಯ ಭಾಗವಾದವು. ಗಂಡನ ತಿಥಿಯ ಹಿಂದುಮುಂದಿನ ರಾತ್ರಿಗಳಲ್ಲಿ ನಿದ್ದೆ ಪೂರ್ತಿ ಕೆಟ್ಟಿತು. ಹಾಗಾಗಬಹುದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಹಾಗಾಗಿ ಅವರು ಮಾತ್ರೆಗೆ ಕೈಹಾಕಲಿಲ್ಲ.

ಸುಮಾರು ಎರಡು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಭೇಟಿಯಾದೆವು. ನಿದ್ದೆ ಸುಧಾರಿಸಿದ ಹಾಗೆ ಹಾಸಿಗೆಯ ಹೊತ್ತನ್ನು ಕಾಲು ತಾಸು ಕಾಲು ತಾಸಾಗಿ ಹೆಚ್ಚಿಸುತ್ತಾ ಬಂದೆವು. ಜೂನ್ ಹೊತ್ತಿಗೆ ರಾತ್ರಿ ಹತ್ತೂವರೆಯಿಂದ ನಾಲ್ಕೂ ಮುಕ್ಕಾಲರವರೆಗೆ ಹಾಸಿಗೆ, ಅದರಲ್ಲಿ ಐದೂವರೆ ತಾಸು ನಿದ್ದೆ. 22 ಇದ್ದ ಅಂಕ 10ಕ್ಕೆ ಇಳಿದಿತ್ತು. ಮನೋವೈದ್ಯರು ಮಾತ್ರೆಯನ್ನು ಪೂರ್ತಿ ನಿಲ್ಲಿಸಿದ್ದರು. ಎರಡರ ಎಚ್ಚರ ವಾರದಲ್ಲಿ ಒಂದೆರಡು ರಾತ್ರಿ ಈಗಲೂ ಇದೆ.

ಇದರಲ್ಲಿ ಮೈಂಡ್‌ಫುಲ್‌ನೆಸ್ಸಿನ ಪಾಲು ಎಷ್ಟು? ನನ್ನ ಅಂದಾಜಿನಲ್ಲಿ ನಿದ್ದೆಯ ತಾಸು ಹೆಚ್ಚಿಸಿದ್ದು ಮುಖ್ಯವಾಗಿ ಹಾಸಿಗೆಯ ನಿಯಮ. ಎರಡು ಗಂಟೆಯ ಭಯವನ್ನು ಇಳಿಸಿದ್ದು ಅಂಗೈಯ ಅಭ್ಯಾಸ. ಸಂಶೋಧನೆಯೂ ಸುಮಾರು ಇದೇ ದಿಕ್ಕಿನಲ್ಲಿದೆ. ದೀರ್ಘಕಾಲದ ನಿದ್ದೆಗೇಡಿಗೆ ಮೊದಲ ಚಿಕಿತ್ಸೆಯಾಗಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಶಿಫಾರಸು ಮಾಡಿದ್ದು ಮಾತ್ರೆಯನ್ನಲ್ಲ. ಮಲಗುವ ರೂಢಿ ಮತ್ತು ನಿದ್ದೆಯ ಬಗೆಗಿನ ವಿಚಾರಗಳನ್ನು ತಿದ್ದುವ ಚಿಕಿತ್ಸೆಯನ್ನು. ಅದಕ್ಕೆ ಇರುವಷ್ಟು ಗಟ್ಟಿ ಪುರಾವೆ ಧ್ಯಾನಕ್ಕೆ ಇನ್ನೂ ಇಲ್ಲ. ಆದರೆ ಲಾಸ್ ಏಂಜಲೀಸ್‌ನಲ್ಲಿ 55 ದಾಟಿದ 49 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವಾರ ಮೈಂಡ್‌ಫುಲ್‌ನೆಸ್ ಕಲಿತವರ ನಿದ್ದೆ, ಬರೀ ನಿದ್ದೆಯ ಶಿಸ್ತು ಕಲಿತವರಿಗಿಂತ ಹೆಚ್ಚು ಸುಧಾರಿಸಿತು. ಖಿನ್ನತೆಯ ಲಕ್ಷಣ, ದಣಿವು ಕೂಡ ಇಳಿದವು. ಹಾಸಿಗೆಯ ನಿಯಮ, ಮೈಂಡ್‌ಫುಲ್‌ನೆಸ್ ಎರಡನ್ನೂ ಸೇರಿಸಿ ಒಂದು ಚಿಕಿತ್ಸೆಯಾಗಿ ಬೆಳೆಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಸನ್ ಆಂಗ್. ನಾವು ಹಿಡಿದದ್ದೂ ಅಂಥದೇ ದಾರಿ.

ಇಂಥ ತೊಂದರೆ ಇರುವವರು ದೂರದ ಊರಿಗೆ ಓಡಬೇಕಿಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡಕ್ಕೂ ಅಲ್ಲಿ ಯಾರಾದರೂ ಇರುತ್ತಾರೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಬಗ್ಗೆ ವಿಚಾರಿಸಿ. ಸಾಯಬೇಕು ಅನಿಸುತ್ತಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಧ್ಯಾನಕ್ಕೆ ಕೂತಾಗ ಗಾಬರಿ ಹೆಚ್ಚುತ್ತಿದ್ದರೆ ಮೊಬೈಲಿನ ಧ್ವನಿ ಹಾಕಿಕೊಂಡು ಒಬ್ಬರೇ ಮುಂದುವರಿಸಬೇಡಿ.

ಅಕ್ಕನ ವಿಷಯದಲ್ಲಿ ಒಂದು ಕೆಲಸ ಬಾಕಿ ಇದೆ. ಆಟೋ ತರಲು ಓಡಿದ ಮಗ ಆ ರಾತ್ರಿಯ ಬಗ್ಗೆ ಇವತ್ತಿನವರೆಗೂ ತಾಯಿಯ ಹತ್ತಿರ ಒಂದು ಮಾತೂ ಆಡಿಲ್ಲ. ತಾಯಿಯೂ ಕೇಳಿಲ್ಲ. ಕಳೆದ ಭೇಟಿಯಲ್ಲಿ ಅಕ್ಕನೇ ಹೇಳಿದರು, ‘ರಾತ್ರಿ ಪಾಳಿ ಇಲ್ದಾಗೂ ಅವನ ಖೋಲ್ಯಾಗ ಲೈಟ್ ಉರೀತಿರತದ ಮೇಡಂ.’ ಮುಂದಿನ ಸಲ ಇಬ್ಬರೂ ಬರುತ್ತಾರೆ.